ಹಳೆಯ ಅಂಗಡಿಮನೆಗಳ ನವೀಕರಣ: ಮರದ ಚೌಕಟ್ಟೋ, ಲೋಹದ ಚೌಕಟ್ಟೋ?

ಸಾಗರ, ಹೊಸನಗರ ಹಾಗೂ ತೀರ್ಥಹಳ್ಳಿಯ ಹಳೆಯ ಪೇಟೆಬೀದಿಗಳಲ್ಲಿ ಮುಂದೆ ಅಂಗಡಿ, ಹಿಂದೆ ಅಥವಾ ಉಪ್ಪರಿಗೆಯಲ್ಲಿ ವಾಸದ ಮನೆ ಎಂಬ ಕ್ರಮದಲ್ಲಿ ಕಟ್ಟಿದ ಹೆಂಚಿನ ಕಟ್ಟಡಗಳು ಇಂದಿಗೂ ಕಾಣಸಿಗುತ್ತವೆ. ಇವುಗಳಲ್ಲಿ ಅನೇಕವು ದುರಸ್ತಿಯ ಹಂತವನ್ನು ತಲುಪಿವೆ. ಮಾಡು ಸೋರುತ್ತದೆ, ಪಕಾಸುಗಳು ಬಾಗಿವೆ, ಅಟ್ಟದ ಹಲಗೆಗಳು ಜಗ್ಗುತ್ತವೆ. ಇಂತಹ ಕಟ್ಟಡದ ಮಾಲೀಕನ ಮುಂದೆ ಸಾಮಾನ್ಯವಾಗಿ ಎರಡು ಸಲಹೆಗಳು ಬರುತ್ತವೆ. ಮರವನ್ನೆಲ್ಲ ಇಳಿಸಿ ಕಬ್ಬಿಣದ ಪೈಪಿನ ಚೌಕಟ್ಟು ಹಾಕಿಸಬೇಕೆಂಬುದು ಒಂದು. ಇದ್ದ ಹಾಗೆಯೇ ಮರದಲ್ಲಿಯೇ ಪುನಃ ಕಟ್ಟಬೇಕೆಂಬುದು ಇನ್ನೊಂದು. ಎರಡೂ ಸಲಹೆಗಳು ಇಡೀ ಕಟ್ಟಡವನ್ನು ಒಂದೇ ವಸ್ತುವೆಂದು ಭಾವಿಸುತ್ತವೆ. ವಸ್ತುತಃ ಒಂದೇ ಮಾಡಿನ ಕೆಳಗೆ ನೂರು ವರ್ಷ ಬಾಳಿಕೆಯ ತೊಲೆಯೂ, ಮುಂದಿನ ಮಳೆಗಾಲವನ್ನು ಕಾಣಲಾರದ ಪಕಾಸೂ ಇರಬಹುದು. ಆದುದರಿಂದ ನಿರ್ಣಯವನ್ನು ಕಟ್ಟಡಕ್ಕೆ ಒಟ್ಟಾಗಿ ಕೈಗೊಳ್ಳದೆ, ಪ್ರತಿಯೊಂದು ಅಂಗಕ್ಕೆ ಪ್ರತ್ಯೇಕವಾಗಿ, ಅಲ್ಲಿ ನೀರು ನಿಲ್ಲುವುದೋ ಇಲ್ಲವೋ ಎಂಬುದನ್ನು ನೋಡಿ ಕೈಗೊಳ್ಳುವುದು ಲಾಭದಾಯಕ. ಈ ವಿಷಯವನ್ನು ಲೆಕ್ಕಾಚಾರ ಸಹಿತ ವಿವರಿಸುವುದು ಈ ಲೇಖನದ ಉದ್ದೇಶ.

ಚೌಕಟ್ಟಿನ ಸ್ವರೂಪ

ಈ ಭಾಗದ ಹಳೆಯ ಕಟ್ಟಡಗಳ ಗೋಡೆ ಜಂಬಿಟ್ಟಿಗೆ ಕಲ್ಲಿನದು ಅಥವಾ ಮಣ್ಣಿನದು. ಕಲ್ಲಿನ ಪೀಠದ ಮೇಲೆ ನಿಂತ ಮರದ ಕಂಬ, ಅದರ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತೆ, ಅದರ ಮೇಲೆ ಮುಚ್ಚಿಗೆಯ ಹಲಗೆ. ಇದು ಅಟ್ಟದ ಅಥವಾ ಉಪ್ಪರಿಗೆಯ ಚೌಕಟ್ಟು. ಅದಕ್ಕೂ ಮೇಲೆ ನೆತ್ತಿಯ ತೊಲೆಯಿಂದ ಸೂರಿನವರೆಗೆ ಇಳಿಯುವ ಪಕಾಸು, ಪಕಾಸಿನ ಮೇಲೆ ರೀಪು, ರೀಪಿನ ಮೇಲೆ ಹೆಂಚು. ಬಾಸೆಲ್ ಮಿಶನ್ ಸಂಸ್ಥೆಯು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ತರುವಾಯ ಮಂಗಳೂರು ಹೆಂಚು ಘಟ್ಟದ ಮೇಲಕ್ಕೂ ಹಬ್ಬಿತು. ಮಂಗಳೂರು ಹೆಂಚಿನ ಅಳತೆ ನಿಶ್ಚಿತವಾದುದರಿಂದ ರೀಪಿನ ಅಂತರವೂ ನಿಶ್ಚಿತವಾಯಿತು. ಇಂದು ಮರದ ಬದಲು ಲೋಹವನ್ನು ಬಳಸಿದರೂ ಹೆಂಚು ಉಳಿಯುವುದಾದರೆ ಈ ಅಂತರ ಬದಲಾಗದು.

ಹೆಂಚಿನ ಭಾರವನ್ನು ಮೊದಲು ತಿಳಿದುಕೊಳ್ಳಬೇಕು. ಒಂದು ಚದರ ಮೀಟರಿಗೆ ಸುಮಾರು 15 ಹೆಂಚುಗಳು ಬೇಕು. ಒಂದು ಹೆಂಚಿನ ತೂಕ 2ರಿಂದ 3 ಕೆ.ಜಿ. ಒಣಗಿದ ಹೆಂಚೇ ಚದರ ಮೀಟರಿಗೆ 40 ಕೆ.ಜಿ. ಸಮೀಪ ಬರುತ್ತದೆ, ಮಳೆಯಲ್ಲಿ ನೀರು ಹೀರಿದಾಗ ಇನ್ನೂ ಹೆಚ್ಚು. ಹೆಂಚು ಮತ್ತು ರೀಪು ಸೇರಿ ಚದರ ಮೀಟರಿಗೆ ಸುಮಾರು 65 ಕೆ.ಜಿ. ಎಂದು ಹಿಡಿದು ವಿನ್ಯಾಸ ಮಾಡುವುದು ರೂಢಿಯಲ್ಲಿದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವಾರ್ಷಿಕ ಸರಾಸರಿ ಮಳೆ 7,000 ಮಿ.ಮೀ.ಗೂ ಅಧಿಕ. ಪೂರ್ವಕ್ಕೆ ಬಂದಂತೆ ಮಳೆಯ ಪ್ರಮಾಣ ತಗ್ಗುತ್ತದೆಯಾದರೂ ಮೂರೂ ಪಟ್ಟಣಗಳಲ್ಲಿ ಮಳೆಗಾಲದ ಉದ್ದಕ್ಕೂ ಗಾಳಿಯ ತೇವ ವಿಪರೀತ. ಮರಕ್ಕಾಗಲಿ ಲೋಹಕ್ಕಾಗಲಿ ನಿಜವಾದ ಪರೀಕ್ಷೆ ಭಾರದ್ದಲ್ಲ, ಈ ತೇವದ್ದು.

ಮರದ ಇಂದಿನ ಸ್ಥಿತಿ

ಹಿಂದಿನವರು ಸಾಗುವಾನಿ, ಮತ್ತಿ, ಹೊನ್ನೆ, ನಂದಿ, ಕಿರಾಲುಬೋಗಿ, ಹಲಸು ಮುಂತಾದ ಮರಗಳ ಬಲಿತ ಚೇಗನ್ನು ಆರಿಸಿ ಬಳಸಿದರು. ಅಂತಹ ಬಲಿತ ಮರ ಇಂದು ಸುಲಭವಾಗಿ ದೊರೆಯದು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಮತ್ತು ಗೋದಾವರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರ್ 12ರಂದು ನೀಡಿದ ಆದೇಶಗಳು ನೈಸರ್ಗಿಕ ಕಾಡಿನ ಮರ ಕಡಿತಕ್ಕೂ ಅರಣ್ಯದೊಳಗಿನ ಸಾಮಿಲ್‌ಗಳಿಗೂ ಕಡಿವಾಣ ಹಾಕಿದವು. ಮಾರುಕಟ್ಟೆಗೆ ಬರುವ ಹೊಸ ಮರದಲ್ಲಿ ನೆಡುತೋಪಿನ ಸಾಗುವಾನಿ, ಅಕೇಶಿಯಾ, ಸಿಲ್ವರ್ ಓಕ್ ಮೊದಲಾದವುಗಳೇ ಹೆಚ್ಚು. ಎಳೆಯ ಮರದಲ್ಲಿ ಚೇಗು ಕಡಿಮೆ, ಹೊರಭಾಗದ ಬಿಳಿ ಮರ ಹೆಚ್ಚು. ಯಾವ ಜಾತಿಯದೇ ಆಗಲಿ, ಬಿಳಿ ಮರಕ್ಕೆ ಹುಳು ಮತ್ತು ಕೊಳೆಯನ್ನು ತಡೆಯುವ ಶಕ್ತಿ ಇಲ್ಲ. ಸಾಗುವಾನಿ ಎಂಬ ಹೆಸರಿಗೆ ಹಣ ತೆತ್ತು ಬಿಳಿ ಮರವನ್ನು ಮನೆಗೆ ತಂದವನಿಗೆ ಸಾಗುವಾನಿಯ ಬಾಳಿಕೆ ದೊರೆಯುವುದಿಲ್ಲ.

ಇದರಿಂದ ಒಂದು ಮುಖ್ಯ ಸಂಗತಿ ಸ್ಪಷ್ಟವಾಗುತ್ತದೆ. ಹಳೆಯ ಕಟ್ಟಡದಲ್ಲಿರುವ ಆರೋಗ್ಯವಂತ ಮರವು ಇಂದು ಹಣ ಕೊಟ್ಟರೂ ಅದೇ ಗುಣಮಟ್ಟದಲ್ಲಿ ಸಿಗಲಾರದ ಆಸ್ತಿ. ಅದನ್ನು ಗುಜರಿಯ ಲೆಕ್ಕದಲ್ಲಿ ಒಟ್ಟಾಗಿ ಮಾರಿ, ಬಂದ ಹಣದಲ್ಲಿ ತೆಳ್ಳಗಿನ ಪೈಪು ಕೊಳ್ಳುವುದು ಮೂಲಧನವನ್ನು ಕರಗಿಸಿದಂತೆ. ಕೆತ್ತನೆಯಿರುವ ಕಂಬ, ಬೋದಿಗೆ, ಬಾಗಿಲವಾಡಗಳನ್ನು ಘನ ಅಡಿಯ ಲೆಕ್ಕದಲ್ಲಿ ಅಳೆಯುವುದೂ ಸಲ್ಲದು. ಗುಡಿಗಾರರ ಕೆತ್ತನೆಗೆ ಹೆಸರಾದ ಸಾಗರದ ವರ್ತಕರಿಗೆ ಇದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಮರದ ಚೌಕಟ್ಟಿಗೆ ಇನ್ನೊಂದು ಗುಣವಿದೆ. ಗೂಟ ಮತ್ತು ಕೂರಿಗಳಿಂದ ಜೋಡಿಸಿದ್ದನ್ನು ಬಿಚ್ಚಿ ಮತ್ತೆ ಜೋಡಿಸಬಹುದು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯಿಂದಾಗಿ ಸಾಗರ, ಹೊಸನಗರ ತಾಲ್ಲೂಕುಗಳ ಊರುಗಳು ಮುಳುಗಿದಾಗ, ಸಾಧ್ಯವಾದ ಕುಟುಂಬಗಳು ಮನೆಯ ಮರಮುಟ್ಟುಗಳನ್ನು ಬಿಚ್ಚಿ ಹೊಸ ನೆಲೆಗೆ ಸಾಗಿಸಿದವು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ರೂಪಿಸಿದ ಪಾರಂಪರಿಕ ಗ್ರಾಮದಲ್ಲಿ ಕುಂಜೂರು ಚೌಕಿಮನೆಯಂತಹ ಹಳೆಯ ಮನೆಗಳು ಬೇರೆಡೆಯಿಂದ ಬಿಚ್ಚಿ ತಂದು ಮರುಜೋಡಿಸಿದವುಗಳೇ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ನವೀಕರಣಗೊಂಡು ವಸ್ತುಸಂಗ್ರಹಾಲಯವಾಗಿರುವ ಕುವೆಂಪು ಅವರ ಪೂರ್ವಿಕರ ಮನೆ ಮರದ ಚೌಕಟ್ಟಿನ ಮನೆಗೆ ಇರುವ ಆಕರ್ಷಣೆಯನ್ನು ತೋರಿಸುತ್ತದೆ.

ಮರದ ಪರೀಕ್ಷೆ

ಮರ ವಯಸ್ಸಿನಿಂದ ಕೆಡುವುದಿಲ್ಲ, ನೀರಿನಿಂದ ಕೆಡುತ್ತದೆ. ಮರದ ತೇವಾಂಶ ಶೇಕಡಾ 20ಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯಲಾರದು. ಆದುದರಿಂದ ಕೊಳೆ ಎಲ್ಲೆಡೆ ಸಮನಾಗಿ ಹರಡಿರದೆ ಕೆಲವು ನಿಶ್ಚಿತ ಸ್ಥಳಗಳಲ್ಲಿ ಮಾತ್ರ ಕಂಡುಬರುತ್ತದೆ: ಸೂರಿನ ಕಡೆಯ ಪಕಾಸಿನ ತುದಿ, ಗೋಡೆಯೊಳಗೆ ಹುದುಗಿದ ತೊಲೆಯ ತಲೆ, ಕಂಬದ ಬುಡ, ಎರಡು ಮಾಡುಗಳು ಕೂಡುವ ದಂಬೆಯ ಕೆಳಭಾಗ, ಮತ್ತು ಒಡೆದ ಹೆಂಚಿನ ನೇರ ಕೆಳಗೆ. ಸಾಲು ಅಂಗಡಿಗಳಲ್ಲಿ ಪಕ್ಕದವರ ಮಾಡಿನ ನೀರು ಜಂಟಿ ಗೋಡೆಗೆ ಇಳಿಯುವ ಕಡೆ ವಿಶೇಷ ಗಮನ ಬೇಕು.

ಪರೀಕ್ಷೆಯ ವಿಧಾನ ಸರಳ. ಸುತ್ತಿಗೆಯಿಂದ ತಟ್ಟಿದಾಗ ಗಟ್ಟಿ ಮರ ಖಣಿಲೆನ್ನುತ್ತದೆ. ಟೊಳ್ಳು ಮರ ಮಂದವಾಗಿ ಸದ್ದು ಮಾಡುತ್ತದೆ. ಚೂಪಾದ ಉಳಿಯನ್ನು ಒತ್ತಿದಾಗ ಸುಲಭವಾಗಿ ಒಳಹೋದರೆ ಆ ಭಾಗ ಕೊಳೆತಿದೆ. ಹಿಟ್ಟಿನಂತಹ ಪುಡಿ ಉದುರುತ್ತಿದ್ದರೆ ಕುಟ್ಟೆ ಹಿಡಿದಿದೆ; ಮಣ್ಣಿನ ಗೆರೆಗಳಿದ್ದರೆ ಒರಲೆ ಹತ್ತಿದೆ. ಒಲೆಯ ಹೊಗೆ ಮಾಡಿಗೆ ಏರುತ್ತಿದ್ದ ಕಾಲದಲ್ಲಿ ಅಡುಗೆಮನೆಯ ಮೇಲಿನ ಮರಕ್ಕೆ ಹುಳುಬಾಧೆ ಕಡಿಮೆಯಿತ್ತು. ಒಲೆಯ ಬದಲು ಗ್ಯಾಸ್ ಬಂದ ಮನೆಗಳಲ್ಲಿ ಆ ರಕ್ಷಣೆ ತಪ್ಪಿದೆ. ಅದರ ಸ್ಥಾನದಲ್ಲಿ ಔಷಧಿಯ ಲೇಪನವನ್ನು ಯೋಜಿಸಿಕೊಳ್ಳಬೇಕು. ಪ್ರತಿಯೊಂದು ಕಂಬ, ತೊಲೆ, ಪಕಾಸಿಗೆ ಸೀಮೆಸುಣ್ಣದಿಂದ ಸಂಖ್ಯೆ ಹಾಕಿ, 'ಉಳಿಸಬಹುದು', 'ತುದಿ ಬದಲಿಸಬೇಕು', 'ತೆಗೆಯಬೇಕು' ಎಂದು ಮೂರು ಪಟ್ಟಿ ಮಾಡುವುದು ಇಡೀ ನವೀಕರಣದ ಅಡಿಪಾಯ. ಈ ಪಟ್ಟಿ ಸಿದ್ಧವಾಗುವ ಮೊದಲು ಯಾವ ಗುತ್ತಿಗೆದಾರನ ಅಂದಾಜನ್ನೂ ಒಪ್ಪಿಕೊಳ್ಳಬಾರದು.

ಲೋಹದ ಬಲ ಮತ್ತು ದೌರ್ಬಲ್ಯ

ಲೋಹಕ್ಕೂ ಈ ನಾಡಿಗೂ ನಂಟು ಹಳೆಯದು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದಾಗ ಅದರ ಕುಲುಮೆಗೆ ಬಳಕೆಯಾದುದು ಮಲೆನಾಡಿನ ಕಾಡಿನ ಇದ್ದಿಲು. ಇಂದು ಮನೆಯ ಮಾಡಿಗೆ ಬಳಕೆಯಾಗುವುದು ಮುಖ್ಯವಾಗಿ ಚೌಕ ಹಾಗೂ ಆಯತಾಕಾರದ ಉಕ್ಕಿನ ಪೈಪುಗಳು.

ಬಲದ ವಿಷಯದಲ್ಲಿ ಲೋಹ ಮುಂದಿದೆ. 100 ಮಿ.ಮೀ. ಎತ್ತರ, 75 ಮಿ.ಮೀ. ಅಗಲದ ಸಾಗುವಾನಿ ಪಕಾಸು ಒಂದು ಮೀಟರಿಗೆ ಸುಮಾರು 5 ಕೆ.ಜಿ. ತೂಗುತ್ತದೆ. 100 ಮಿ.ಮೀ. ಎತ್ತರ, 50 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಉಕ್ಕಿನ ಪೈಪು ಮೀಟರಿಗೆ ಸುಮಾರು 6.6 ಕೆ.ಜಿ. ತೂಗುತ್ತದೆ. ತೂಕದಲ್ಲಿ ದೊಡ್ಡ ವ್ಯತ್ಯಾಸವಿಲ್ಲ; ಆದರೆ ಬಾಗುವಿಕೆಯನ್ನು ತಡೆಯುವ ಶಕ್ತಿಯಲ್ಲಿ ಪೈಪು ಸುಮಾರು ಮೂರು ಪಟ್ಟು ಹೆಚ್ಚು. ಅಂಗಡಿಯ ಮುಂಭಾಗದಲ್ಲಿ ನಡುವಣ ಕಂಬವನ್ನು ತೆಗೆದು ಅಗಲವಾದ ತೆರಪು ಬೇಕಾದಾಗ, ಅಥವಾ ಅಟ್ಟದ ಮೇಲೆ ಭಾರವಾದ ದಾಸ್ತಾನು ಇಡಬೇಕಾದಾಗ, ಉಕ್ಕಿನ ತೊಲೆಗೆ ಸಮನಾದುದು ಇಂದಿನ ಮರದಲ್ಲಿ ದೊರೆಯುವುದು ಕಷ್ಟ. ಒರಲೆ, ಕುಟ್ಟೆಗಳ ಭಯವೂ ಲೋಹಕ್ಕಿಲ್ಲ.

ದೌರ್ಬಲ್ಯ ತುಕ್ಕಿನದು. ಮಾರುಕಟ್ಟೆಯಲ್ಲಿ 'ಜಿ.ಐ. ಪೈಪು' ಎಂಬ ಒಂದೇ ಹೆಸರಿನಲ್ಲಿ ಬಗೆಬಗೆಯ ಸರಕು ಮಾರಾಟವಾಗುತ್ತದೆ. ಚದರ ಮೀಟರಿಗೆ 120 ಗ್ರಾಂ ಸತುವಿನ ಲೇಪ ಎಂದರೆ ಅದು ಎರಡೂ ಮುಖಗಳಿಗೆ ಸೇರಿದ ಲೆಕ್ಕ. ಒಂದು ಮುಖಕ್ಕೆ ಉಳಿಯುವುದು ಸುಮಾರು 8 ಮೈಕ್ರಾನ್ ಮಾತ್ರ. ಕರಗಿದ ಸತುವಿನಲ್ಲಿ ಮುಳುಗಿಸಿದ ಸಾಮಗ್ರಿಯ ಲೇಪ ಇದರ ಹಲವು ಪಟ್ಟು ದಪ್ಪ. ಕೊಳ್ಳುವವನು ಪೈಪಿನ ದಪ್ಪವನ್ನಷ್ಟೇ ಅಲ್ಲ, ಲೇಪದ ತೂಕವನ್ನೂ ಕೇಳಿ ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು.

ಬೆಸುಗೆ ಹಾಕಿದ ಕಡೆ ಸತು ಸುಟ್ಟುಹೋಗುತ್ತದೆ. ಅಲ್ಲಿ ಬರೀ ಬೆಳ್ಳಿಬಣ್ಣ ಬಳಿದರೆ ಹೊಳಪು ಬರುತ್ತದೆಯೇ ಹೊರತು ರಕ್ಷಣೆ ದೊರೆಯದು. ಉಜ್ಜಿ ಸ್ವಚ್ಛಗೊಳಿಸಿ ಸತುವಿನ ಅಂಶ ಅಧಿಕವಿರುವ ಬಣ್ಣವನ್ನೇ ಹಚ್ಚಬೇಕು. ಪೈಪಿನ ತೆರೆದ ಬಾಯಿಯಿಂದ ತೇವದ ಗಾಳಿ ಒಳಹೊಕ್ಕರೆ ತುಕ್ಕು ಒಳಗಿನಿಂದ ತಿನ್ನುತ್ತದೆ, ಹೊರಗೆ ಕಾಣಿಸದು. ಆದ್ದರಿಂದ ಬಾಯಿಯನ್ನು ಪೂರ್ತಿ ಮುಚ್ಚಬೇಕು. ಪೈಪಿನ ತುದಿಯನ್ನು ನೇರವಾಗಿ ಮಣ್ಣಿನ ಗೋಡೆಯೊಳಗೆ ಹುದುಗಿಸುವುದು ಅಪಾಯಕರ; ಕಾಂಕ್ರೀಟಿನ ಪೀಠದ ಮೇಲೆ ತಟ್ಟೆ ಇಟ್ಟು ಬೋಲ್ಟಿನಿಂದ ಬಿಗಿಯುವುದು ಕ್ಷೇಮ. ಬಿಸಿಲಿಗೆ ಉಕ್ಕು ಹಿಗ್ಗುವುದನ್ನೂ ಮರೆಯುವಂತಿಲ್ಲ. 12 ಮೀಟರ್ ಉದ್ದದ ತೊಲೆಯು 25 ಡಿಗ್ರಿ ಉಷ್ಣತೆಯ ವ್ಯತ್ಯಾಸಕ್ಕೆ ಸುಮಾರು 3.5 ಮಿ.ಮೀ. ಹಿಗ್ಗುತ್ತದೆ. ಎರಡೂ ತುದಿಗಳನ್ನು ಬಿಗಿದರೆ ಗೋಡೆ ಬಿರುಕು ಬಿಡುತ್ತದೆ.

ಹೆಂಚನ್ನು ತೆಗೆದು ಬಣ್ಣದ ತಗಡು ಹೊದಿಸುವವರು ಇನ್ನೊಂದು ಅಂಶವನ್ನು ಗಮನಿಸಬೇಕು. 0.5 ಮಿ.ಮೀ. ದಪ್ಪದ ತಗಡು ಚದರ ಮೀಟರಿಗೆ 4ರಿಂದ 5 ಕೆ.ಜಿ. ಮಾತ್ರ. ಹೆಂಚು ತನ್ನ ಭಾರದಿಂದಲೇ ಗಾಳಿಗೆ ಎದುರು ನಿಲ್ಲುತ್ತಿತ್ತು. ಹಗುರವಾದ ಮಾಡನ್ನು ಗಾಳಿ ಎತ್ತಿಹಾಕದಂತೆ ಚೌಕಟ್ಟನ್ನು ಗೋಡೆಗೆ ಬಲವಾಗಿ ಕಟ್ಟಬೇಕು. ಮಣ್ಣಿನ ಗೋಡೆಯಲ್ಲಿ ಇದು ಸುಲಭವಲ್ಲ.

ಒಂದು ಮಾದರಿ ಲೆಕ್ಕ

6 ಮೀಟರ್ ಅಗಲ, 12 ಮೀಟರ್ ಉದ್ದದ ಒಂದು ಅಂಗಡಿಮನೆಯನ್ನು ಊಹಿಸಿಕೊಳ್ಳಬಹುದು. ಮಾಡಿನ ಇಳಿಜಾರು 30 ಡಿಗ್ರಿ, ಸೂರಿನ ಚಾಚು 60 ಸೆಂ.ಮೀ. ಆದರೆ ಪಕಾಸಿನ ಉದ್ದ ಸುಮಾರು 4.2 ಮೀಟರ್, ಎರಡೂ ಬದಿಯ ಮಾಡಿನ ವಿಸ್ತೀರ್ಣ ಸುಮಾರು 100 ಚದರ ಮೀಟರ್, ಹೆಂಚುಗಳು ಸುಮಾರು 1,500.

1. ಪೂರ್ತಿ ಹೊಸ ಮರ: 60 ಸೆಂ.ಮೀ. ಅಂತರದಲ್ಲಿ 42 ಪಕಾಸುಗಳು. 100 × 75 ಮಿ.ಮೀ. ಅಳತೆಯಲ್ಲಿ ಸುಮಾರು 47 ಘನ ಅಡಿ. ರೀಪಿಗೆ 336 ಮೀಟರ್. 50 × 25 ಮಿ.ಮೀ. ಅಳತೆಯಲ್ಲಿ ಸುಮಾರು 15 ಘನ ಅಡಿ. ಒಟ್ಟು 62 ಘನ ಅಡಿ.

2. ಪೂರ್ತಿ ಲೋಹ: ಸುಮಾರು 90 ಸೆಂ.ಮೀ. ಅಂತರದಲ್ಲಿ 30 ಪಕಾಸುಗಳು, ಮೀಟರಿಗೆ 6.6 ಕೆ.ಜಿ.ಯಂತೆ ಸುಮಾರು 830 ಕೆ.ಜಿ. ರೀಪಿಗೆ 25 ಮಿ.ಮೀ. ಚೌಕದ ಪೈಪು, ಮೀಟರಿಗೆ 1.4 ಕೆ.ಜಿ.ಯಂತೆ 470 ಕೆ.ಜಿ. ಒಟ್ಟು 1,300 ಕೆ.ಜಿ. ಇದರ ಮೇಲೆ ಬೆಸುಗೆ, ಬಣ್ಣ.

3. ಆಯ್ದು ಉಳಿಸುವ ಕ್ರಮ: ಪರೀಕ್ಷೆಯಲ್ಲಿ 42 ಪಕಾಸುಗಳ ಪೈಕಿ 30 ಗಟ್ಟಿಯಾಗಿವೆ ಎಂದಾದರೆ, ಹೊಸದಾಗಿ ಬೇಕಾದವು 12. ಅಂದರೆ ಸುಮಾರು 13 ಘನ ಅಡಿ. ರೀಪು ಪೂರ್ತಿ ಹೊಸದಾದರೂ ಒಟ್ಟು 28 ಘನ ಅಡಿ.

ಆಯಾ ದಿನದ ದರದಿಂದ ಗುಣಿಸಿ ಈ ಮೂರನ್ನು ಹೋಲಿಸಬೇಕು. ಹೋಲಿಕೆಯಲ್ಲಿ ಸಾಮಾನ್ಯವಾಗಿ ಎರಡು ಬಾಬ್ತುಗಳು ಬಿಟ್ಟುಹೋಗುತ್ತವೆ. ಲೋಹಕ್ಕೆ ಕೆಲವು ವರ್ಷಗಳಿಗೊಮ್ಮೆ ಬೇಕಾಗುವ ಬಣ್ಣದ ವೆಚ್ಚ ಒಂದು. ಮರಕ್ಕೆ ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಬೇಕಾಗುವ ಹೆಂಚಿನ ಕೈಯಾಡಿಕೆಯ ವೆಚ್ಚ ಇನ್ನೊಂದು. ಉಳಿದ ಪಕಾಸುಗಳ ಸಂಖ್ಯೆ ಕಡಿಮೆಯಾದಂತೆ ಮೂರನೆಯ ಕ್ರಮದ ಲಾಭ ಕುಗ್ಗುತ್ತದೆ. ಅರ್ಧಕ್ಕಿಂತ ಹೆಚ್ಚು ಕೆಟ್ಟಿದ್ದರೆ ಲೋಹದತ್ತ ಒಲವು ಸಹಜ. ಮೇಲಿನ ಅಳತೆಗಳು ಕೇವಲ ಹೋಲಿಕೆಗಾಗಿ. ಅಂತಿಮ ಅಳತೆಯನ್ನು ಎಂಜಿನಿಯರರೇ ನಿರ್ಧರಿಸಬೇಕು.

ಬೆಂಕಿ ಮತ್ತು ವಿದ್ಯುತ್

ಮರ ಉರಿಯುತ್ತದೆ, ಕಬ್ಬಿಣ ಉರಿಯುವುದಿಲ್ಲ ಎಂಬ ಮಾತು ಅರ್ಧ ಸತ್ಯ. ಮರ ನಿಮಿಷಕ್ಕೆ 0.6ರಿಂದ 0.8 ಮಿ.ಮೀ.ನಂತೆ ಇದ್ದಿಲಾಗುತ್ತ ಹೋಗುತ್ತದೆ. ಅರ್ಧ ಗಂಟೆಯಲ್ಲಿ ಒಂದು ಮುಖದಿಂದ ಸುಮಾರು 20 ಮಿ.ಮೀ. 200 ಮಿ.ಮೀ. ದಪ್ಪದ ತೊಲೆ ಆ ಹೊತ್ತಿಗೂ ನಿಂತಿರುತ್ತದೆ. ತೆಳ್ಳಗಿನ ರೀಪು ಅಷ್ಟರಲ್ಲಿ ಹೋಗಿರುತ್ತದೆ. ಉಕ್ಕು ಸುಮಾರು 550 ಡಿಗ್ರಿ ಸೆಲ್ಸಿಯಸ್‌ನಲ್ಲಿ ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ತೆಳುವಾದ ಪೈಪು ಆ ಉಷ್ಣತೆಯನ್ನು ಕೆಲವೇ ನಿಮಿಷಗಳಲ್ಲಿ ತಲುಪಬಲ್ಲದು. ಬಟ್ಟೆ, ಗೋಣಿಚೀಲ, ಅಡಿಕೆ ದಾಸ್ತಾನು ಮಾಡುವ ವರ್ತಕರು ಚೌಕಟ್ಟಿನ ಜಾತಿಗಿಂತ ಹಳೆಯ ವೈರಿಂಗ್ ಬದಲಿಸುವುದಕ್ಕೆ ಮೊದಲ ಆದ್ಯತೆ ಕೊಡಬೇಕು. ಲೋಹದ ಚೌಕಟ್ಟಿಗೆ ಅರ್ಥಿಂಗ್ ಕಡ್ಡಾಯ. ಇಲ್ಲವಾದರೆ ಒಂದು ಕಡೆ ಸೋರಿದ ವಿದ್ಯುತ್ ಇಡೀ ಮಾಡಿಗೆ ಹರಿಯುತ್ತದೆ. ನವೀಕರಣದ ನಂತರ ಕಟ್ಟಡದ ಬದಲಾದ ವಿವರವನ್ನು ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸುವುದನ್ನೂ ಮರೆಯಬಾರದು.

ಅಂಗವಾರು ನಿರ್ಣಯ

ಮೇಲಿನ ಅಂಶಗಳನ್ನು ಒಟ್ಟುಗೂಡಿಸಿದಾಗ ಕೆಳಗಿನ ಕ್ರಮ ಹೊಂದಿಕೆಯಾಗುತ್ತದೆ.

1. ಒಳಾಂಗಣದ ಕಂಬ, ಬೋದಿಗೆ, ತೊಲೆ: ಒಣಗಿದ ಜಾಗದಲ್ಲಿರುವುದರಿಂದ ಮರವೇ ಇರಲಿ. ಬುಡ ಕೊಳೆತ ಕಂಬಕ್ಕೆ ಆ ಭಾಗವನ್ನಷ್ಟೇ ಕತ್ತರಿಸಿ ಕಲ್ಲಿನ ಪೀಠವನ್ನು ಎತ್ತರಿಸಬಹುದು.

2. ಜಗ್ಗಿದ ಆದರೆ ಕೊಳೆಯದ ತೊಲೆ: ಎರಡೂ ಬದಿಗೆ ಉಕ್ಕಿನ ಪಟ್ಟಿ ಇಟ್ಟು ಬೋಲ್ಟಿನಿಂದ ಬಿಗಿದರೆ ಮರ ಉಳಿಯುತ್ತದೆ, ಬಲ ಹೆಚ್ಚುತ್ತದೆ.

3. ಅಂಗಡಿ ಮುಂಭಾಗದ ಅಗಲ ತೆರಪು: ಉಕ್ಕಿನ ತೊಲೆ.

4. ಪಕಾಸು: ಗಟ್ಟಿಯಾದವು ಉಳಿಯಲಿ, ತುದಿ ಮಾತ್ರ ಕೊಳೆತಿದ್ದರೆ ಓರೆಯಾಗಿ ಕತ್ತರಿಸಿ ಹೊಸ ತುಂಡು ಜೋಡಿಸಬಹುದು.

5. ದಂಬೆಯ ಕೆಳಗಿನ ಚೌಕಟ್ಟು: ಮರಕ್ಕೂ ಸಾಮಾನ್ಯ ಪೈಪಿಗೂ ಇದು ಯೋಗ್ಯ ಜಾಗವಲ್ಲ. ಬೆಸುಗೆಯ ಕೆಲಸ ಮುಗಿಸಿದ ನಂತರ ಸತುವಿನಲ್ಲಿ ಮುಳುಗಿಸಿದ ಉಕ್ಕನ್ನೇ ಬಳಸಬೇಕು.

6. ಮರವೂ ಲೋಹವೂ ಕೂಡುವ ಸ್ಥಳ: ತಾಮ್ರದ ಅಂಶವಿರುವ ಔಷಧಿ ಹಚ್ಚಿದ ಮರಕ್ಕೆ ಸತು ಲೇಪಿತ ಲೋಹ ನೇರವಾಗಿ ತಾಗಿದರೆ ಲೋಹ ಬೇಗ ಸವೆಯುತ್ತದೆ. ನಡುವೆ ನೀರು ಹಿಡಿಯದ ಪಟ್ಟಿ ಇಡಬೇಕು.

ದಾಖಲೆ ಮತ್ತು ತೆರಿಗೆ

ಮರ ಕೊಳ್ಳುವಾಗ ಅರಣ್ಯ ಇಲಾಖೆಯ ಡಿಪೋ ಹರಾಜಿನ ಅಥವಾ ಪರವಾನಗಿ ಪಡೆದ ಸಾಮಿಲ್‌ನ ರಸೀದಿ ಮತ್ತು ಸಾಗಣೆಯ ರಹದಾರಿಯನ್ನು ಜೋಪಾನವಾಗಿಡಬೇಕು. ಸ್ವಂತ ಜಮೀನಿನ ಮರವನ್ನು ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಸಿಲ್ವರ್ ಓಕ್, ನೀಲಗಿರಿ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಹಳೆಯ ಮನೆಯ ಮರವನ್ನು ಬೇರೆ ಊರಿಗೆ ಸಾಗಿಸುವ ಮುನ್ನ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

2017ರ ಜುಲೈ 1ರಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕೇಂದ್ರ ಕಾಯ್ದೆಯ 17(5)ನೆಯ ಕಲಮಿನಂತೆ, ಕಟ್ಟಡದ ನವೀಕರಣ ಅಥವಾ ದುರಸ್ತಿಯ ವೆಚ್ಚವನ್ನು ಲೆಕ್ಕಪತ್ರದಲ್ಲಿ ಬಂಡವಾಳವೆಂದು ತೋರಿಸಿದ ಮಟ್ಟಿಗೆ ಹೂಡುವಳಿ ತೆರಿಗೆಯ ಜಮೆ ದೊರೆಯದು. ವಾಸದ ಭಾಗಕ್ಕೆ ತಗಲಿದ ತೆರಿಗೆಗೂ ಜಮೆ ಇಲ್ಲ. ಆದುದರಿಂದ ಅಂಗಡಿ ಮತ್ತು ಮನೆಯ ಬಿಲ್ಲುಗಳನ್ನು ಆರಂಭದಿಂದಲೇ ಪ್ರತ್ಯೇಕಿಸಿ, ಲೆಕ್ಕ ಪರಿಶೋಧಕರ ಸಲಹೆ ಪಡೆದು ಖರೀದಿಗೆ ತೊಡಗುವುದು ಒಳಿತು.

ಸ್ಥಳೀಯ ಉದ್ದಿಮೆಗೆ ಅವಕಾಶ

ಈ ಪಟ್ಟಣಗಳಲ್ಲಿ ಬಡಗಿಯ ಕೆಲಸವೂ ವೆಲ್ಡಿಂಗ್ ಕೆಲಸವೂ ಪರಸ್ಪರ ಸ್ಪರ್ಧಿಗಳೆಂಬ ಭಾವನೆ ಬೆಳೆದಿದೆ. ಅಂಗವಾರು ನವೀಕರಣದಲ್ಲಿ ಇಬ್ಬರೂ ಬೇಕು. ಹಳೆಯ ತೊಲೆಗೆ ಹೊಂದುವ ಉಕ್ಕಿನ ಪಟ್ಟಿ, ಕಂಬದ ಬುಡದ ತಟ್ಟೆ, ಪೈಪಿನ ಬಾಯಿ ಮುಚ್ಚುವ ಬಿರಡೆ, ಸತು ಲೇಪಿತ ದಂಬೆ ಇವೆಲ್ಲ ಸಣ್ಣ ಕಾರ್ಯಾಗಾರದಲ್ಲಿಯೇ ತಯಾರಾಗಬಲ್ಲ ವಸ್ತುಗಳು. ಸಾಮಿಲ್ ಮಾಲೀಕರು ಬೇಸಿಗೆಯಲ್ಲಿಯೇ ಮರ ಕೊಯ್ದು, ನೆರಳಿನಲ್ಲಿ ಗಾಳಿಯಾಡುವಂತೆ ಪೇರಿಸಿ, ತೇವಾಂಶ ಅಳೆದು ಮಾರಿದರೆ ಹಸಿಮರದ ದೂರು ತಪ್ಪುತ್ತದೆ ಮತ್ತು ಸರಕಿಗೆ ಹೆಚ್ಚಿನ ಬೆಲೆ ದೊರೆಯುತ್ತದೆ. ಬಿಚ್ಚಿದ ಹಳೆಯ ಮರವನ್ನು ದಾಖಲೆ ಸಹಿತ ವಿಂಗಡಿಸಿ, ಮೊಳೆ ತೆಗೆದು, ಅಳತೆಗೆ ಕೊಯ್ದು ಮಾರುವುದು ಸ್ವತಃ ಒಂದು ಉದ್ಯಮವಾಗಬಲ್ಲದು.

ನವೀಕರಣಕ್ಕೆ ಮುಂದಾಗುವ ವರ್ತಕರು ಈ ಮಳೆಗಾಲದಲ್ಲಿ ಸೋರುವ ಜಾಗಗಳನ್ನೆಲ್ಲ ಗುರುತು ಮಾಡಿಕೊಂಡು, ಮಳೆ ಮುಗಿದ ಕೂಡಲೆ ಅನುಭವಿ ಬಡಗಿ ಮತ್ತು ಎಂಜಿನಿಯರರಿಂದ ಮೂರು ಪಟ್ಟಿಗಳ ಪರೀಕ್ಷೆ ಮಾಡಿಸುವುದು ಸೂಕ್ತ. ಪಟ್ಟಿ ಕೈಯಲ್ಲಿದ್ದರೆ ಮರವೆಷ್ಟು, ಲೋಹವೆಷ್ಟು ಎಂಬುದು ತಾನಾಗಿ ತಿಳಿಯುತ್ತದೆ. ಮಾರಬೇಕಾದ ಹಳೆಯ ಮರ ಯಾವುದು, ಮಾರಬಾರದ್ದು ಯಾವುದು ಎಂಬುದೂ ಸ್ಪಷ್ಟವಾಗುತ್ತದೆ.